ಕಪಾಟಿಗೆ ಬೇಕಾದಷ್ಟು ಕೋಪ

ಕೂಲಿಯಾಳುಗಳನ್ನು ಕರೆಸಿ ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ಗುಮಾಸ್ತ ಕೇಳಬೇಕಲ್ಲ! "ಒಂದು ಕಪಾಟು ಮೇಲೆ ತರೋಕೆ ಆಳು ಬೇರೆ ಕೇಡು. ನಾನಿನ್ನೂ ಸತ್ತಿಲ್ಲ," ಎಂದು ಅಂಗಿಯ ತೋಳು ಮಡಚಿದ. ತವರಿನಿಂದ ಬಂದ ಕನ್ನಡಿ ಕಪಾಟು ಅದು, ಕೆಳಗೆ ಗೇಟಿನ ಬಳಿ ಇಳಿದಿತ್ತು. "ಕನ್ನಡಿ ಒಡೀತೋ, ಮಧ್ಯಾಹ್ನ ಅಮ್ಮ ಬರ್ತಾಳಲ್ಲ, ಅವಳ ಜೊತೆ ನಾನೂ ಹೊರಟೆ," ಎಂದು ಅವಳು ಮೂರನೇ ಮಹಡಿಯ ಮನೆಯೊಳಗೆ ಹೋಗಿ ಬಾಗಿಲು ಬಡಿದುಕೊಂಡಳು.

ಕಪಾಟಿನ ಮೇಲಿನ ತುದಿಯನ್ನು ಭಾವಮೈದ ಹಿಡಿದ, ಕೆಳಗಿನದನ್ನು ಗುಮಾಸ್ತ. ಭಾರವೆಲ್ಲ ಕೆಳಗಿನವನ ಮೇಲೆಯೇ ಬೀಳುತ್ತದೆ ಎಂಬುದು ಮೊದಲ ಮಹಡಿ ದಾಟುವುದರೊಳಗೆ ಅವನಿಗೆ ತಿಳಿಯಿತು. ಭಾವಮೈದನಿಗೆ ಅದು ಮೊದಲೇ ತಿಳಿದಿತ್ತು. ಎರಡನೇ ಮಹಡಿ ದಾಟಿ ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ ತೋಳುಗಳು ಬೆಂದ ಬದನೆಕಾಯಿಯಂತಾದವು. ಮುಂದೆ ಹೋಗಲಾಗದು, ಇಳಿಸಲು ಜಾಗವಿಲ್ಲ, ಬಿಟ್ಟರೆ ಕನ್ನಡಿಯೂ ಹೋಯಿತು, ಹೆಂಡತಿಯೂ ಹೋದಳು.

"ಸುಸ್ತಾ, ಭಾವ?" ಎಂದ ಭಾವಮೈದ, ಆಕಳಿಸುತ್ತ.

"ಬಾಯಿ ಮುಚ್ಚೋ!"

ಆ ಅಬ್ಬರಕ್ಕೆ ಎರಡನೇ ಮಹಡಿಯ ಬಾಗಿಲುಗಳು ತೆರೆದವು. ಒಂದರಿಂದ ಅಜ್ಜಿ ಬಂದು, ಕೇಳದೆ ಹೇಳದೆ, ಸುಲಿದ ಬಾಳೆಹಣ್ಣನ್ನು ಗುಮಾಸ್ತನ ಬಾಯಿಗೆ ತುರುಕಿದಳು. "ಪೊಟ್ಯಾಸಿಯಂ ಕಣಪ್ಪ, ಟೀವೀಲಿ ಹೇಳ್ತಾರೆ."

ಇನ್ನೊಂದರಿಂದ ಜೀವಶಾಸ್ತ್ರದ ಮೇಷ್ಟ್ರು ಬಂದರು. "ಅಯ್ಯೋ ಅಜ್ಜಿ, ಪೊಟ್ಯಾಸಿಯಂ ಕಡಿಮೆ ಆಗಿಲ್ಲ, ಜಾಗ ಬಿಟ್ಟಿದೆ. ಸ್ನಾಯು ಬಿಗಿದಾಗೆಲ್ಲ ಅದು ಒಳಗಿಂದ ಆಚೆ ಬರುತ್ತೆ. ಆಚೆ ಗುಂಪು ಸೇರಿದ್ರೆ ಸ್ನಾಯು ನರದ ಮಾತು ಕೇಳಲ್ಲ. ವಾಪಸ್ ಒಳಗೆ ಎಳ್ಕೊಳ್ಳೋಕೆ ಸ್ನಾಯುವಿನ ಕಣದಲ್ಲೇ ಒಂದು ಪಂಪ್ ಇದೆ. ಸ್ವಲ್ಪ ಹೊತ್ತು ಇಳಿಸಿ ಸುಧಾರಿಸ್ಕೊಳ್ಳಿ."

ಗುಮಾಸ್ತ ಹಣ್ಣು ನುಂಗಿ ಗುಡುಗಿದ: "ಇಳಿಸೋದು ಎಲ್ರೀ? ನಿಮ್ಮ ತಲೆ ಮೇಲಾ?"

ಮೇಷ್ಟ್ರ ಕಣ್ಣು ಅರಳಿತು. "ಹಾಂ, ಕೋಪ! ಕೋಪ ಬಂದ್ರೆ ಅಡ್ರಿನಲಿನ್ ಹರಿಯುತ್ತೆ, ಪಂಪ್ ಜೋರಾಗುತ್ತೆ. ಎಲ್ರೂ ಇವರಿಗೆ ಬೈಯಿರಿ!"

ಇಂಥ ಸಮಾಜಸೇವೆಗೆ ಯಾರು ಹಿಂದೆ ಬೀಳುತ್ತಾರೆ?

"ಬೆಳಬೆಳಿಗ್ಗೆ ಬಚ್ಚಲಲ್ಲಿ ಹಾಡ್ತೀಯಲ್ಲ, ಕೋಣ ಕೂಗಿದ ಹಾಗೆ!" ಎಂದಳು ಅಜ್ಜಿ. ಗುಮಾಸ್ತ ಒಂದು ಮೆಟ್ಟಿಲು ಏರಿದ.

"ಕೇರಂನಲ್ಲಿ ನಾನು ಬೇಕಂತ್ಲೇ ಸೋಲ್ತಿದ್ದೆ, ಭಾವ!" ಗುಮಾಸ್ತ ಹಲ್ಲು ಕಡಿದ, ಇನ್ನೆರಡು ಮೆಟ್ಟಿಲು ಮುಗಿದವು.

ಆಗ ಮೇಲಿನ ಬಾಗಿಲು ತೆರೆಯಿತು. "ಈ ಗಂಡು ಬೇಡ ಅಂತ ಅಮ್ಮ ಬಡ್ಕೊಂಡ್ಲು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ!" ಹೆಂಡತಿಯ ದನಿ.

ಗುಮಾಸ್ತನ ಮೈಯೆಲ್ಲ ಉರಿದುಹೋಯಿತು. ಕಪಾಟನ್ನೂ ಭಾವಮೈದನನ್ನೂ ಒಟ್ಟಿಗೇ ತಳ್ಳಿಕೊಂಡು ಒಂದೇ ಉಸಿರಿಗೆ ಮೇಲೆ ಹೋದ. ಕಪಾಟು ಕೋಣೆಯ ಗೋಡೆಗೊರಗಿ ನಿಂತಿತು. ಕನ್ನಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವನಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿಬಂತು. "ಮೇಷ್ಟ್ರ ಉಪಾಯ ಫಲಿಸ್ತು ಕಣೆ. ಬೈಯೋದ್ರಲ್ಲಿ ಅಜ್ಜಿಗಿಂತ ನೀನೇ ಜೋರು," ಎಂದು ನಕ್ಕ.

"ಯಾವ ಉಪಾಯ?"

"ಅದೇ, ನಂಗೆ ಕೋಪ ಬರಿಸೋಕೆ ಎಲ್ರೂ ಸುಳ್ಳುಸುಳ್ಳೇ..."

"ನಂಗೇನ್ರೀ ಗೊತ್ತು? ನಾನು ಬಾಗಿಲು ತೆಗೆದಿದ್ದೇ ಆಗ. ಮನಸ್ಸಲ್ಲಿ ಇದ್ದದ್ದು ಬಾಯಿಗೆ ಬಂತು."

ಗುಮಾಸ್ತನ ನಗು ಇಂಗಿತು. ಕಿವಿ ಕೆಂಪೇರಿತು, ಮುಷ್ಟಿ ಬಿಗಿಯಿತು, ತೋಳಿನ ನರಗಳು ಉಬ್ಬಿಕೊಂಡವು. ಹೆಂಡತಿ ಆ ತೋಳುಗಳನ್ನೇ ನೋಡಿದಳು.

"ಕೈಗೆ ಮತ್ತೆ ಬಲ ಬಂದ ಹಾಗಿದೆ. ಕೋಪ ಇಳಿದುಹೋಗೋದ್ರೊಳಗೆ ಕೆಳಗಿರೋ ಮಂಚಾನೂ ತಂದ್ಬಿಡಿ. ಅಮ್ಮನಿಗೆ ಮಲಗೋಕೆ ಬೇಕು."