ನನ್ನ ಕಿವಿಯೂ ತಮ್ಮ ಗೇರ್‌ಬಾಕ್ಸೂ

ಚೊಂಗ್‌ಮಾ ಮೋಟಾರ್ಸ್ ಸಂಸ್ಥೆಯ ಗ್ರಾಹಕ ಸಂತೃಪ್ತಿ ವಿಭಾಗದ ಮಾನ್ಯ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಮೊಕ್ಪೊ ನಗರದ ಪ್ಯೋ ಸುನ್‌ರೆ ಎಂಬ, ಪಿಯಾನೊಗಳಿಗೆ ಶ್ರುತಿ ಕೂಡಿಸಿ ಬದುಕುವ ಅರವತ್ತೊಂದರ ಹೆಂಗಸು ಮಾಡುವ ಅನೇಕ ನಮಸ್ಕಾರಗಳು. ತಾವೂ ತಮ್ಮ ಸಂಸ್ಥೆಯೂ ಕ್ಷೇಮವೆಂದು ನಂಬಿದ್ದೇನೆ. ದೇಶದ ಅತ್ಯಂತ ನಂಬಿಕೆಯ ಕಾರು ಎಂಬ ಬಿರುದು ಒಂಬತ್ತನೆಯ ವರ್ಷವೂ ತಮ್ಮ ಪಾಲಿಗೇ ಬಂದಿದೆ ಎಂದು ರೈಲು ನಿಲ್ದಾಣದ ಎದುರು ನಿಲ್ಲಿಸಿರುವ ದೊಡ್ಡ ಹಲಗೆಯನ್ನು ಈ ವರ್ಷದ ಆರಂಭದಲ್ಲಿ ಬಸ್ಸಿನ ಕಿಟಕಿಯಿಂದ ಓದಿ ಬಹಳ ಸಂತೋಷಪಟ್ಟೆ. ಬಸ್ಸಿನ ಕಿಟಕಿಯಿಂದ ಏಕೆಂದರೆ, ಆ ಹೊತ್ತಿಗೆ ನನ್ನ ಚೊಂಗ್‌ಮಾ ಕಾರು ತಮ್ಮದೇ ಸರ್ವಿಸ್ ಸೆಂಟರಿನ ಅಂಗಳದಲ್ಲಿ ವಿಶ್ರಾಂತಿ ಪಡೆಯುತ್ತಿತ್ತು.

ತಮ್ಮ ಕಾರನ್ನೇ ನಾನು ಕೊಂಡದ್ದಕ್ಕೆ ನನ್ನ ಅಣ್ಣ ಕಾರಣ. ಅವನು ತಮ್ಮ ಹಳೆಯ ಮಾದರಿಯೊಂದನ್ನು ಹದಿನೇಳು ವರ್ಷ ಓಡಿಸಿ, ಕೊನೆಗೆ ಅದು ಕೆಡಲಿಲ್ಲವೆಂಬ ಬೇಸರಕ್ಕೇ ಮಾರಿದವನು. ನನ್ನ ಕೆಲಸವೂ ಕಾರಿಲ್ಲದೆ ನಡೆಯುವಂಥದ್ದಲ್ಲ. ಜಿಂದೊ, ವಾಂದೊ ದ್ವೀಪಗಳ, ಹೆನಾಮ್ ಕರಾವಳಿಯ ಶಾಲೆ, ಚರ್ಚು, ಮದುವೆ ಮಂಟಪಗಳಲ್ಲಿ ಸಮುದ್ರದ ಗಾಳಿಗೆ ತಂತಿ ಸಡಿಲಿಸಿಕೊಂಡು ಕೂತ ಪಿಯಾನೊಗಳು ನನ್ನ ದಾರಿ ಕಾಯುತ್ತವೆ. ಆದ್ದರಿಂದ ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಇವುಗಳಲ್ಲಿ ಯಾವುದು ಮೊದಲೋ ಅದು, ಎಂಬ ತಮ್ಮ ವಾರಂಟಿಯ ಪುಸ್ತಕವನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ತಲೆ ಬಾಗಿಸಿ, ಮನೆಗೆ ತಂದೆ.

ಎಂಬತ್ತಮೂರು ಸಾವಿರ ಕಿಲೋಮೀಟರ್ ಆಗಿದ್ದಾಗ, ಹೋದ ವರ್ಷದ ಏಪ್ರಿಲ್ಲಿನಲ್ಲಿ, ಕಾರು ಹಾಡಲು ಶುರುಮಾಡಿತು. ಗಂಟೆಗೆ ಎಂಬತ್ತರ ವೇಗದಲ್ಲಿ ಕಾಲು ಸಡಿಲಿಸಿದೊಡನೆ ತಳದಿಂದ ಸಣ್ಣಗೆ ಒಂದು ಕೊರಗು. ಅದರ ಪಕ್ಕದಲ್ಲೇ, ಅದಕ್ಕಿಂತ ಕೂದಲೆಳೆಯಷ್ಟು ತಗ್ಗಿದ ಇನ್ನೊಂದು ಕೊರಗು. ಎರಡೂ ಸೇರಿ ಸೆಕೆಂಡಿಗೆ ಮೂರು ಸಲ ತುಯ್ಯುತ್ತಿದ್ದವು. ಒಂದೇ ಸ್ವರದ ಎರಡು ತಂತಿಗಳು ಒಂದಕ್ಕೊಂದು ಒಪ್ಪದಿದ್ದಾಗ ಆಗುವ ತುಯ್ತ ಇದು. ಇದನ್ನು ಕೇಳಿಸಿಕೊಂಡು ಇಲ್ಲವಾಗಿಸುವುದೇ ಮೂವತ್ನಾಲ್ಕು ವರ್ಷದಿಂದ ನನ್ನ ಕಸುಬು. ಹೀಗಾಗಿ ತಮ್ಮ ಮೊಕ್ಪೊ ಸರ್ವಿಸ್ ಸೆಂಟರಿಗೆ ಹೋಗಿ, ಅಲ್ಲಿಯ ಮ್ಯಾನೇಜರ್ ಕ್ವಾಕ್ ದೊಂಗ್‌ಷಿಕ್ ಅವರ ಮುಂದೆ ಎಲ್ಲವನ್ನೂ ವಿವರಿಸಿದೆ.

ಶ್ರೀಯುತ ಕ್ವಾಕ್ ಅವರ ಸೌಜನ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕಾಫಿ ಕೊಟ್ಟರು, ಕಾರಿಗೆ ಕಂಪ್ಯೂಟರ್ ಜೋಡಿಸಿದರು, ಪರದೆ ನೋಡಿದರು.

"ಕಂಪ್ಯೂಟರಲ್ಲಿ ಏನೂ ತೋರಿಸ್ತಿಲ್ಲಮ್ಮ. ಇದು ಈ ಗಾಡಿಯ ಸಹಜ ಸ್ವಭಾವ."

"ಕೊಂಡಾಗ ಈ ಸ್ವಭಾವ ಇರ್ಲಿಲ್ವಲ್ಲ?"

"ಈಗ ಬಂದಿದೆಯಮ್ಮ. ರೇಡಿಯೋ ಒಂಚೂರು ಜೋರಾಗಿ ಇಟ್ಕೊಳ್ಳಿ, ಗೊತ್ತೇ ಆಗಲ್ಲ."

ನಾನು ಮದುವೆಯಾದವಳಲ್ಲ, ಯಾರ ಅಮ್ಮನೂ ಅಲ್ಲ. ಆದರೂ ಅವರು ಪ್ರತಿ ವಾಕ್ಯಕ್ಕೂ ಒಂದು ಅಮ್ಮನನ್ನು ಜೋಡಿಸಿ, ಕಾಗದದ ಮೇಲೆ 'ಸಹಜ' ಎಂದು ಮುದ್ರೆಯೊತ್ತಿ, ಒಂದು ಡಬ್ಬಿ ಟಿಶ್ಯೂ ಕೊಟ್ಟು, ಬಾಗಿಲ ತನಕ ಬಂದು ನಡುಬಗ್ಗಿಸಿ ಬೀಳ್ಕೊಟ್ಟರು. ಎರಡನೆಯ ಸಲ ಹೋದಾಗಲೂ ಹೀಗೆಯೇ. ಮೂರನೆಯ ಸಲವೂ ಹೀಗೆಯೇ. ನನ್ನ ಮನೆಯಲ್ಲಿ ಈಗ ಟಿಶ್ಯೂವಿಗೆ ಕೊರತೆಯಿಲ್ಲ.

ನಾಲ್ಕನೆಯ ಭೇಟಿಯಲ್ಲಿ ಶ್ರೀಯುತರು ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆಳೆದು, ದನಿ ತಗ್ಗಿಸಿ, ಮಗನ ಅಕ್ಕರೆಯಿಂದ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ: "ಬೇಜಾರು ಮಾಡ್ಕೋಬೇಡಿ ಅಮ್ಮಾ. ವಯಸ್ಸಾದ್ಮೇಲೆ ಕಿವಿ ಒಳಗೇ ಒಂದು ಶಬ್ದ ಶುರುವಾಗುತ್ತಂತೆ. ನಮ್ಮಮ್ಮಂಗೂ ಹಾಗೇ. ಗಾಡಿ ಬಿಡಿ, ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ."

ಮಾನ್ಯರೇ, ಇಲ್ಲಿಯವರೆಗಿನದು ಯಾರಿಗಾದರೂ ಆಗಬಹುದಾದದ್ದು. ಇಲ್ಲಿಂದ ಮುಂದಿನದಕ್ಕಾಗಿಯೇ ನಾನು ಈ ಪತ್ರ ಬರೆಯುತ್ತಿರುವುದು.

ಮಾರನೆಯ ವಾರ ವಾಂದೊದ ಶಾಲೆಯೊಂದರಲ್ಲಿ ಒಂದೇ ತಂತಿಯನ್ನು ಮೂರು ಸಲ ಬಿಗಿದೆ, ಮೂರು ಸಲ ಬಿಚ್ಚಿದೆ. ತುಯ್ತ ಕೇಳಿಸುತ್ತಿತ್ತು, ಆದರೆ ತಂತಿಯದೋ ನನ್ನ ತಲೆಯೊಳಗಿನದೋ ತಿಳಿಯಲಿಲ್ಲ. ಅಂಗಡಿಗೆ ಹೋಗಿ, ಸ್ವರವನ್ನು ಮುಳ್ಳಿನಲ್ಲಿ ತೋರಿಸುವ ಯಂತ್ರ ಕೊಂಡುತಂದೆ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಬಿಟ್ಟುಕೊಂಡು, ಮುಳ್ಳನ್ನೇ ದಿಟ್ಟಿಸುತ್ತ ಮಾಡತೊಡಗಿದೆ. ನಮ್ಮ ನಗರ ಸಭಾಂಗಣದ ಸಂಗೀತ ಕಚೇರಿಯ ಪಿಯಾನೊವನ್ನು ಹತ್ತೊಂಬತ್ತು ವರ್ಷ ನಾನೇ ನೋಡಿಕೊಂಡಿದ್ದೆ. ಶರತ್ಕಾಲದ ಕಚೇರಿಗೆ ಮೂರು ವಾರವಿರುವಾಗ ನನ್ನ ಶಿಷ್ಯೆ ಮೊ ಯೂನ್‌ಸಲ್‌ಳನ್ನು ಕರೆದು ಅದರ ಕೀಲಿ ಕೊಟ್ಟುಬಿಟ್ಟೆ.

"ಯಾಕೆ ಟೀಚರ್, ಹುಷಾರಿಲ್ವಾ?"

"ಬೆನ್ನು ನೋವು ಕಣೇ," ಎಂದೆ. ಕಿವಿ ಎನ್ನಲು ನಾಚಿಕೆಯಾಯಿತು.

ಆಮೇಲೆ ಧೈರ್ಯ ಮಾಡಿ ಗ್ವಾಂಗ್‌ಜುವಿನ ಕಿವಿ ಡಾಕ್ಟರ ಬಳಿ ಹೋದೆ. ಡಾಕ್ಟರಾದ ಆ ಎಳೆಯ ಹುಡುಗಿ ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಅರ್ಧ ಗಂಟೆ ಪರೀಕ್ಷಿಸಿ, ಗೀಟುಗಳ ಕಾಗದ ಹಿಡಿದು ನಕ್ಕಳು. "ಇದೇನು ಕಿವೀನೋ ಏನೋ! ನನ್ನ ಕಿವಿನೇ ಇಷ್ಟು ಚೆನ್ನಾಗಿಲ್ಲ. ಯಾರು ನಿಮ್ಮನ್ನ ಇಲ್ಲಿಗೆ ಕಳಿಸಿದ್ದು?"

"ಕಾರು ಕಂಪನಿಯವರು," ಎಂದೆ. ಆಕೆ ಅದನ್ನೂ ಬರೆದುಕೊಂಡಳು.

ಐದನೆಯ ಭೇಟಿಯಲ್ಲಿ ಡಾಕ್ಟರು ಕೊಟ್ಟ ಪ್ರಮಾಣಪತ್ರವನ್ನು ಶ್ರೀಯುತ ಕ್ವಾಕ್ ಅವರಿಗೆ ಒಪ್ಪಿಸಿದೆ. ಅವರು ಅದನ್ನು ಗೌರವದಿಂದ ಓದಿ, ನನ್ನ ಕಡತಕ್ಕೆ ಪಿನ್ನು ಹೊಡೆದು, ಅದರ ಕೆಳಗೆ ಒಂದು ಸಾಲು ಸೇರಿಸಿದರು: 'ಗ್ರಾಹಕರ ಕಿವಿ ಸಹಜ. ವಾಹನ ಸಹಜ.' ಎರಡೂ ಸಹಜವಾಗಿರುವಾಗ ಶಬ್ದವೊಂದು ನಡುವೆ ಅನಾಥವಾಗಿ ಉಳಿಯಿತು.

ಆರನೆಯ ಭೇಟಿಯ ದಿನ ಶ್ರೀಯುತರು ರಜೆಯಲ್ಲಿದ್ದರು. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ತಾಕ್ ಗ್ಯೊಂಗ್‌ಹೊ ಅವರಿಗೆ ಐವತ್ತರ ಮೇಲೆ ವಯಸ್ಸು, ಮಾತು ಕಡಿಮೆ. "ಕಂಪ್ಯೂಟರು ಆಮೇಲೆ. ಮೊದಲು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ," ಎಂದರು. ಊರಾಚೆಯ ಹೆದ್ದಾರಿಯಲ್ಲಿ ಎಂಬತ್ತಕ್ಕೆ ತಂದು ಕಾಲು ಸಡಿಲಿಸಿದೆ. ಅವರು ಉಸಿರು ಬಿಗಿಹಿಡಿದು ಕೂತಿದ್ದರು. ಇನ್ನೊಂದು ಸಲ ಎಂದು ಬೆರಳಿನಲ್ಲೇ ಸನ್ನೆ ಮಾಡಿದರು. ಮೂರನೆಯ ಸಲಕ್ಕೆ ನನ್ನತ್ತ ತಿರುಗಿದರು.

"ನಂಗೂ ಕೇಳಿಸ್ತಿದೆ, ಟೀಚರ್."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತೆ. ಅವರು ಟಿಶ್ಯೂ ಡಬ್ಬಿ ಮುಂದೆ ಸರಿಸಿದರು. ಸರ್ವಿಸ್ ಸೆಂಟರಿಗೆ ಮರಳಿ, ಕಾರನ್ನು ಮೇಲಕ್ಕೆತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ ಆಲಿಸಿ, 'ಶಬ್ದ ಖಚಿತ, ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಹೋಗಿದೆ, ಬದಲಿಸಬೇಕು' ಎಂದು ಬರೆದು ಸಹಿ ಹಾಕಿದರು. ಆಗ ಕಾರು ತೊಂಬತ್ತೇಳು ಸಾವಿರದಲ್ಲಿತ್ತು.

ತಮ್ಮ ಪ್ರಧಾನ ಕಚೇರಿಯ ಚುರುಕುತನವನ್ನು ಇಲ್ಲಿ ನೆನೆಯಲೇಬೇಕು. ನಾನು ಅಂಚೆಯಲ್ಲಿ ಕಳಿಸಿದ್ದ ದೂರಿಗೆ ಎಂಟು ತಿಂಗಳು ಉತ್ತರ ಬರೆಯದ ಕಚೇರಿ, ತಾಕ್ ಅವರ ಒಂದು ಸಾಲನ್ನು ಎರಡೇ ದಿನಗಳಲ್ಲಿ ತಿದ್ದಿ 'ಗ್ರಾಹಕರಿಗೆ ಶಬ್ದದ ಭಾವನೆ. ಗಮನಿಸುತ್ತಿರಲು ಸಲಹೆ' ಎಂದು ಮಾಡಿತು. ತಾಕ್ ಅವರನ್ನೂ ಅಷ್ಟೇ ಚುರುಕಾಗಿ ಬಂದರಿನ ಅಂಗಳಕ್ಕೆ ವರ್ಗ ಮಾಡಲಾಯಿತು. ಇಪ್ಪತ್ತಾರು ವರ್ಷ ಎಂಜಿನ್ ಬಿಚ್ಚಿದ ಆ ಕೈಗಳು ಈಗ ಹೊಸ ಕಾರುಗಳ ಸೀಟಿನ ಪ್ಲಾಸ್ಟಿಕ್ ಹಾಳೆ ಸುಲಿಯುತ್ತಿವೆ.

ನಾನು ತಮ್ಮ ಸಲಹೆಯಂತೆ ಗಮನಿಸುತ್ತಲೇ ಇದ್ದೆ. ಜನವರಿಯ ಒಂದು ಮಧ್ಯಾಹ್ನ, ಮಂಜುಮಳೆಯಲ್ಲಿ, ಜಿಂದೊ ಸೇತುವೆಯ ನಡುಮಧ್ಯದಲ್ಲಿ ಗೇರ್‌ಬಾಕ್ಸ್ ಒಂದು ದೊಡ್ಡ ಸದ್ದಿನೊಂದಿಗೆ ಕಚ್ಚಿಕೊಂಡಿತು. ಆ ಸದ್ದು ಯಾವ ಸ್ವರವೂ ಆಗಿರಲಿಲ್ಲ. ಕಾರು ಅಡ್ಡಕ್ಕೆ ಜಾರಿ ನಿಂತಿತು. ಹಿಂದೆ ಕೋಸಿನ ಹೊರೆ ಹೊತ್ತು ಬರುತ್ತಿದ್ದ ಲಾರಿ ಕಿರುಚುತ್ತ ಬಂದು, ನನ್ನ ಹಿಂಬದಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಎರಡು ಕೋಸು ಉರುಳಿ ಬಂದು ನನ್ನ ಕಾರಿಗೆ ಬಡಿದವು. ನಾನು ಉಪಕರಣಗಳ ಚೀಲಕ್ಕೆ ಕೈಚಾಚುತ್ತಿದ್ದಾಗ ಚಾಲಕ ಹಾರಿ ಇಳಿದು ನನ್ನ ಬಾಗಿಲು ಕಿತ್ತುಬರುವಂತೆ ಎಳೆದ.

"ಅಕ್ಕಾ, ಏನ್ ಕೂತಿದ್ದೀರಿ, ಇಳೀರಿ! ಚೀಲ ಆಮೇಲೆ, ಮೊದಲು ಜೀವ!"

ಕಾಲುದಾರಿಯ ಕಂಬಿ ಹಿಡಿದು ಇಬ್ಬರೂ ನಿಂತೆವು. ಕೆಳಗೆ ನೀರು ಸುಳಿಸುಳಿಯಾಗಿ ಓಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆತ ನನ್ನ ಕಾರಿನ ಮುಂದಿನ ಲಾಂಛನ ನೋಡಿ ಹುಬ್ಬೇರಿಸಿದ.

"ಚೊಂಗ್‌ಮಾನಾ? ಆ ಕಂಪನಿ ಗಾಡಿ ಕೆಡಲ್ವಲ್ಲ ಅಕ್ಕಾ!"

ಇದೀಗ ಖ್ಯಾತಿ ಎಂದರೆ, ಮಾನ್ಯರೇ. ಸತ್ತ ಕಾರಿನ ಮುಂದೆ ನಿಂತವನ ಬಾಯಲ್ಲೂ ಅದು ಬದುಕಿರುತ್ತದೆ. ಜಾಹೀರಾತು ವಿಭಾಗದವರಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳನ್ನು ತಿಳಿಸಬೇಕಾಗಿ ಕೋರುತ್ತೇನೆ.

ಎಳೆದುತಂದ ಕಾರಿನ ಮೀಟರನ್ನು ಶ್ರೀಯುತ ಕ್ವಾಕ್ ಅವರು ಬಗ್ಗಿ ಓದಿದರು: ಒಂದು ಲಕ್ಷದ ನಾನೂರ ಹನ್ನೆರಡು.

"ಅಯ್ಯೋ ಅಮ್ಮಾ, ವಾರಂಟಿ ಮುಗಿದುಹೋಯ್ತಲ್ಲ. ಸ್ವಲ್ಪ ಮೊದಲೇ ಬರಬಾರದಿತ್ತಾ?"

"ಆರು ಸಲ ಬಂದಿದ್ದೆ."

"ಆಗ ಕೆಟ್ಟಿರ್ಲಿಲ್ವಲ್ಲಮ್ಮ!"

ಈ ಮಾತಿನ ಸೊಬಗನ್ನು ನಾನು ಅನೇಕ ದಿನ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಕೆಡುವ ಮೊದಲು ಬಂದರೆ ಕೆಟ್ಟಿಲ್ಲ. ಕೆಟ್ಟ ಮೇಲೆ ಬಂದರೆ ಮುಗಿದಿದೆ. ಇಂಥ ವಾರಂಟಿಗೆ ಸವಕಳಿಯೇ ಇಲ್ಲ. ಬಳಸಲಾಗದ ವಸ್ತು ಸವೆಯುವುದಾದರೂ ಹೇಗೆ?

ಆಗ ನಾನು ಗ್ರಾಹಕ ವ್ಯಾಜ್ಯ ಸಮಿತಿಗೆ ಅರ್ಜಿ ಹಾಕಿದೆ. ವಿಚಾರಣೆಗೆ ನಾಲ್ಕು ದಿನವಿರುವಾಗ ತಮ್ಮ ಕಚೇರಿಯಿಂದ ಒಂದು ಒಪ್ಪಂದ ಬಂತು: ಸೌಹಾರ್ದದ ಕುರುಹಾಗಿ ಹೊಸ ಗೇರ್‌ಬಾಕ್ಸ್ ಹಾಕಿಕೊಡಲಾಗುವುದು, ಆದರೆ ಈ ವಿಷಯವನ್ನು ನಾನು ಜೀವಮಾನದಲ್ಲಿ ಯಾರೊಂದಿಗೂ ಆಡಕೂಡದು. ಸಹಿ ಹಾಕಲು ಪೆನ್ನು ಎತ್ತಿಕೊಂಡದ್ದೂ ನಿಜ. ನನಗೆ ಕಾರು ಬೇಕಾಗಿತ್ತು. ಬಸ್ಸಿನಲ್ಲಿ, ಹಡಗಿನಲ್ಲಿ ಆ ಭಾರದ ಚೀಲ ಹೊತ್ತು ನನ್ನ ಹೆಗಲು ಇಳಿದುಹೋಗಿತ್ತು. ಆದರೆ ಸಹಿ ಹಾಕಿದರೆ ಹೆದ್ದಾರಿಯ ಬದಿಯಲ್ಲಿ ತಾಕ್ ಅವರು ಆಡಿದ ಮಾತೂ ಆ ಕಾಗದದ ಕೆಳಗೆ ಹೂತುಹೋಗುತ್ತಿತ್ತು. ಪೆನ್ನು ಕೆಳಗಿಟ್ಟೆ.

ಗ್ವಾಂಗ್‌ಜುವಿನ ವಿಚಾರಣೆಗೆ ತಾಕ್ ಅವರು ರಜೆ ಹಾಕಿ, ಮದುವೆಗೆ ತೊಡುವ ಕೋಟು ತೊಟ್ಟು ಬಂದರು. ನಾನು ಕರೆದಿರಲಿಲ್ಲ, ಕರೆಯುವ ಧೈರ್ಯ ನನಗಿರಲಿಲ್ಲ. ತಮ್ಮ ವಕೀಲರು ಬಹಳ ಚೆನ್ನಾಗಿ ಪ್ರಶ್ನೆ ಕೇಳಿದರು.

"ಯಾವ ಉಪಕರಣದಲ್ಲಿ ಅಳೆದಿರಿ?"

"ಸ್ಕ್ರೂಡ್ರೈವರ್, ಸರ್."

"ಅದು ಅಳತೆಯ ಉಪಕರಣವೇ?"

"ಅಳೆಯೋದು ಕಿವಿ, ಸರ್. ಸ್ಕ್ರೂಡ್ರೈವರ್ ಬರೀ ದಾರಿ."

ನನ್ನ ಕಾರಿನ ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾದಲ್ಲಿ ತಾಕ್ ಅವರೊಡನೆ ಹೆದ್ದಾರಿಗೆ ಹೋದ ದಿನದ ಓಟ ಧ್ವನಿಸಮೇತ ಉಳಿದಿತ್ತು. ಅದನ್ನು ಹಾಕಿಸಿದರು. ಕೊರಗು ಕೇಳಿತು, ತುಯ್ತ ಕೇಳಿತು, ತಾಕ್ ಅವರ ಒಂದು ವಾಕ್ಯ ಕೇಳಿತು, ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಅಳುವುದು ಕೇಳಿತು. ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು, "ಇನ್ನೊಂದು ಸಲ," ಎಂದರು. ತಾಕ್ ಅವರು ನೆಲ ನೋಡುತ್ತ ನಿಂತಿದ್ದರು. ಆರು ಸಲ ವಾರಂಟಿಯ ಒಳಗೇ ತೋರಿಸಿದ, ಸಂಸ್ಥೆಯ ಮೆಕ್ಯಾನಿಕ್ಕೇ ಗುರುತಿಸಿದ ದೋಷ ವಾರಂಟಿಗೆ ಸೇರಿದ್ದೇ ಎಂದು ತೀರ್ಪಾಯಿತು. ತಾವು ಗೇರ್‌ಬಾಕ್ಸ್ ಬದಲಿಸಿಕೊಟ್ಟಿರಿ. ಕಾರು ಈಗ ತೆಪ್ಪಗಿದೆ, ವಂದನೆಗಳು.

ಹೋದ ತಿಂಗಳು ನಗರ ಸಭಾಂಗಣದ ಸಂಗೀತ ಕಚೇರಿಗೆ ಟಿಕೀಟು ತೆಗೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಯೂನ್‌ಸಲ್ ಮಾಡಿದ ಶ್ರುತಿಯಲ್ಲಿ ಒಂದೂ ಕೊರೆಯಿರಲಿಲ್ಲ. ಕೊರೆಯಿಲ್ಲವೆಂಬುದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು, ಅದಕ್ಕೆ ಹಿಗ್ಗಿದೆ. ಅದನ್ನು ಮಾಡಿದವಳು ನಾನಲ್ಲವೆಂಬುದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಅವಳು ನನ್ನ ಕೈ ಹಿಡಿದುಕೊಂಡಳು.

"ಮುಂದಿನ ಸಲದಿಂದ ನೀವೇ ಮಾಡಿ ಟೀಚರ್. ಬೆನ್ನು ವಾಸಿಯಾಯ್ತಲ್ಲ?"

"ಬೇಡ ಕಣೇ. ಅದೀಗ ನಿನ್ನ ಕೈಗೆ ಒಗ್ಗಿದೆ. ನಾನು ಮುಟ್ಟಿದ್ರೆ ಅದಕ್ಕೇ ಗಲಿಬಿಲಿ ಆಗುತ್ತೆ."

ಆದ್ದರಿಂದ ಮಾನ್ಯರೇ, ಈ ಕೆಲವು ವಿನಂತಿಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ತಮ್ಮ ಉಗ್ರಾಣದಲ್ಲಿ ಬಿಡಿಭಾಗಗಳೆಲ್ಲ ಸಿಗುತ್ತವೆಂದು ಕೇಳಿದ್ದೇನೆ. ನನ್ನ ಮೇಲೆ ನಾನೇ ಅನುಮಾನಪಟ್ಟ ಅಷ್ಟೂ ತಿಂಗಳುಗಳು ಅಲ್ಲಿ ದಾಸ್ತಾನಿದ್ದರೆ ಹಳೆಯವನ್ನು ಪಡೆದು ಹೊಸವನ್ನು ಕೊಡಿಸಿರಿ. ಹತ್ತೊಂಬತ್ತು ವರ್ಷ ಕೂಡಿದ್ದ ಪಿಯಾನೊವೊಂದರ ಕೀಲಿಯನ್ನು, ಅದು ಈಗ ಯಾರ ಜೇಬಿನಲ್ಲಿ ನ್ಯಾಯವಾಗಿ ಇದೆಯೋ ಅವರಿಗೆ ನೋವಾಗದಂತೆ, ನನಗೆ ಮರಳಿಸುವ ಉಪಾಯವನ್ನು ತಮ್ಮ ಎಂಜಿನಿಯರುಗಳು ಕಂಡುಹಿಡಿಯಲಿ. ಇವೆರಡೂ ಆಗದ ಕೆಲಸವೆಂದು ನಾನು ಬಲ್ಲೆ. ಹಾಗಾಗಿ ಆಗುವ ಕೆಲಸವೊಂದನ್ನು ಹೇಳುತ್ತೇನೆ. ತಾಕ್ ಗ್ಯೊಂಗ್‌ಹೊ ಅವರನ್ನು ಪ್ಲಾಸ್ಟಿಕ್ ಸುಲಿಯುವ ಅಂಗಳದಿಂದ ಕರೆಸಿ, ಅವರ ಎಂಜಿನ್‌ಗಳ ಬಳಿಗೆ ಮರಳಿ ಕಳಿಸಿರಿ. ನನಗೆ ಉಪಕಾರವೆಂದಲ್ಲ. ಒಂಬತ್ತು ವರ್ಷದಿಂದ ತಾವು ಹಲಗೆಯ ಮೇಲೆ ಬರೆಸುತ್ತಿರುವ ಮಾತನ್ನು ತಮ್ಮ ಇಡೀ ಸಂಸ್ಥೆಯಲ್ಲಿ ನಿಜ ಮಾಡಿ ತೋರಿಸಿದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಇಷ್ಟಾದರೂ ತಮ್ಮ ಕಾರನ್ನೇ ಓಡಿಸುತ್ತಿರುವ, ತಮ್ಮ ವಿಶ್ವಾಸಿ,
ಪ್ಯೋ ಸುನ್‌ರೆ
ಮೊಕ್ಪೊ

ತಾ.ಕ.: 'ನಾನು ಮತ್ತು ನನ್ನ ಚೊಂಗ್‌ಮಾ' ಎಂಬ ವಿಷಯವಾಗಿ ನೆಚ್ಚಿನ ಗ್ರಾಹಕರಿಗೆ ತಾವು ಏರ್ಪಡಿಸಿರುವ ಪ್ರಬಂಧ ಸ್ಪರ್ಧೆಯ ಆಹ್ವಾನ ನಿನ್ನೆ ತಲುಪಿತು. ಈ ಪತ್ರವನ್ನೇ ನನ್ನ ಪ್ರಬಂಧವೆಂದು ಸ್ವೀಕರಿಸಬೇಕು. ಮೊದಲ ಬಹುಮಾನ ಇನ್ನೆರಡು ವರ್ಷದ ಹೆಚ್ಚುವರಿ ವಾರಂಟಿ, ಎರಡನೆಯದು ಒಂದು ಛತ್ರಿ ಎಂದು ಓದಿದೆ. ತೀರ್ಪುಗಾರರು ದಯೆಯಿಟ್ಟು ನನ್ನನ್ನು ಎರಡನೆಯ ಸ್ಥಾನಕ್ಕೇ ನಿಲ್ಲಿಸಲಿ. ಛತ್ರಿ ಬಿಚ್ಚಿಕೊಳ್ಳುತ್ತದೋ ಇಲ್ಲವೋ ಎಂದು ಕೈಗೆ ಬಂದ ಕೂಡಲೇ ತಿಳಿಯುತ್ತದೆ.