ಸುಣ್ಣದ ಗೆರೆಯ ಮಹಡಿ ಮನೆ

ಮನೆ ಕಟ್ಟಿಸುವವರು ನನ್ನೆದುರು ಬಂದು ಕೂತರೆ ನಗು ಬರುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದೆ ಪ್ಲಾನು ಹಾಕಿಕೊಡುವ ಸಣ್ಣ ಆಫೀಸು ನನ್ನದು. ಒಂದೇ ಅಂತಸ್ತಾದರೆ ಮನೆಯವರ ಜಗಳ ನೆಲದ ಮೇಲೇ ಮುಗಿಯುತ್ತದೆ, ಎರಡಾದರೆ ಅದೂ ಮೇಲಕ್ಕೇರುತ್ತದೆ. ಎಲ್ಲರ ಕಥೆ ಹೇಳುತ್ತ ಕೂತರೆ ನನ್ನ ಗಿರಾಕಿಗಳು ಇನ್ನೊಬ್ಬ ಇಂಜಿನಿಯರನ್ನು ಹುಡುಕಿಕೊಳ್ಳುತ್ತಾರೆ. ಜಂಗಮಕೋಟೆಯ ರೇಷ್ಮೆ ಬೆಳೆಗಾರರೊಬ್ಬರ ಮನೆಯದಷ್ಟೇ ಹೇಳುತ್ತೇನೆ. ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ.

ಫೋನಿನ ತುಂಬ ಮನೆ

ಯಜಮಾನರು ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಕೂತವರೇ ಫೋನು ತೆಗೆದು ನನ್ನ ಮುಂದಿಟ್ಟರು. ಯಾವ ಊರಿಗೆ ಹೋದರೂ ಅಲ್ಲಿನ ಎರಡಂತಸ್ತಿನ ಮನೆಗಳ ಫೋಟೋ ಹೊಡೆದುಕೊಂಡು ಬರುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಚಿಂತಾಮಣಿಯ ಬಾಲ್ಕನಿ, ಗೌರಿಬಿದನೂರಿನ ಮೆಟ್ಟಿಲು, ಶಿಡ್ಲಘಟ್ಟದ ಕಾಂಪೌಂಡು, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಹಿಡಿಸಿತ್ತು. ಕೊನೆಗೆ ಒಂದು ಫೋಟೋವನ್ನು ದೊಡ್ಡದು ಮಾಡಿ ತೋರಿಸಿದರು.

“ಮುಂದಗಡೆ ಮಾತ್ರ ಇದೇ ಥರ ಬರ್ಬೇಕು ಸಾರ್.”

ದಪ್ಪದಪ್ಪ ಕಂಬ, ಬಸ್ಸು ಹತ್ತಿಸಬಹುದಾದಷ್ಟು ಅಗಲದ ಮೆಟ್ಟಿಲು, ಬಾಗಿಲ ಮೇಲೆ ಸೀರಿಯಲ್ ಸೆಟ್ಟು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ಆಮೇಲೆ ನೆನಪಾಯಿತು.

“ಇದು ಪೆರೇಸಂದ್ರದ ಕಡೆ ಇರೋ ಮದುವೆ ಛತ್ರ ಅಲ್ವಾ?”

“ಗೊತ್ತು ಸಾರ್. ನಮಗೂ ನೆಂಟ್ರು ಜಾಸ್ತಿ.”

ಎರಡು ಕಿಟಕಿ

ಯಾರಿಗೆ ಯಾವ ರೂಮು ಎಂಬ ಮಾತು ಬಂದಾಗ ಯಜಮಾನರ ತಾಯಿ ಬಾಯಿ ಬಿಟ್ಟರು.

“ನನಗೆ ಮೇಲ್ಗಡೆ ಮುಂದಿನ ರೂಮು ಕೊಡಿ. ರೋಡು ಕಾಣ್ಬೇಕು.”

ಹುಟ್ಟಿದಾಗಿನಿಂದ ನೆಲದ ಮನೆಯಲ್ಲೇ ಇದ್ದವರು. ಮೇಲೆ ಕೂತು ಊರು ನೋಡಬೇಕೆಂಬ ಆಸೆ ಅವರಿಗೆ. ಮಗ ಒಪ್ಪಲಿಲ್ಲ. “ಅಮ್ಮಂಗೆ ಮಂಡಿ ನೋವು ಸಾರ್. ಕೆಳಗೇ, ಮೆಟ್ಟಿಲ ಪಕ್ಕ ಒಂದು ರೂಮು ಹಾಕಿ” ಎಂದರು. ಅಲ್ಲಿ ಹಗಲಲ್ಲೂ ಲೈಟು ಹಾಕಿಕೊಂಡಿರಬೇಕು. ಅಜ್ಜಿಯ ಮುಖ ಸಪ್ಪಗಾದದ್ದು ಕಂಡು ನನಗೆ ಪಾಪ ಅನ್ನಿಸಿತು.

ಮೇಲಿನ ಆ ಮುಂದಿನ ರೂಮು ಹೇಗಿರಬೇಕೆಂದು ಯಜಮಾನರು ತಾವೇ ವಿವರಿಸಿದರು. ಎದುರುಬದುರಾಗಿ ಎರಡು ಕಿಟಕಿ, ಕಿಟಕಿಗೆ ಮೆಶ್ಶು. ಬಿಸಿಲು ನೇರ ಬೀಳಬಾರದು, ಒಗ್ಗರಣೆ ಘಾಟು ಸುಳಿಯಬಾರದು. ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಬರಕೂಡದು, ಸೊಳ್ಳೆ ಬತ್ತಿ ಹಚ್ಚಕೂಡದು. ಹೆಂಡತಿಯ ಮೇಲೆ ಇಷ್ಟು ಅಕ್ಕರೆ ಇಟ್ಟುಕೊಂಡವರನ್ನು ನಾನು ನೋಡಿದ್ದು ಕಡಿಮೆ.

“ಬೆಡ್‌ರೂಮು ಅಂದ್ರೆ ಹೀಗಿರ್ಬೇಕು” ಎಂದೆ.

“ಬೆಡ್‌ರೂಮಲ್ಲ ಸಾರ್, ಹುಳಕ್ಕೆ. ರೇಷ್ಮೆ ಶೆಡ್ಡಲ್ಲಿ ಜಾಗ ಸಾಲ್ತಾ ಇಲ್ಲ.”

“ಮತ್ತೆ ನೀವೆಲ್ಲಿ ಮಲಗ್ತೀರಿ?”

“ನಮ್ಮದು ಎಲ್ಲಾದ್ರೂ ಆಗುತ್ತೆ ಬಿಡಿ.”

ಇಷ್ಟು ಹೊತ್ತು ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದ ಹೆಂಡತಿ ನನ್ನ ಕಡೆ ತಿರುಗಿದರು.

“ಸಾರ್, ಹುಳ ಒಂದು ತಿಂಗಳು ಮೇಯ್ಕೊಂಡು ಗೂಡು ಕಟ್ಟಿ ಹೋಗುತ್ತೆ. ನಾವು ಎಲ್ಲೂ ಹೋಗೋರಲ್ಲ. ಹುಳ ಶೆಡ್ಡಲ್ಲೇ ಇರ್ಲಿ, ಆ ಎರಡು ಕಿಟಕಿ ಮನುಷ್ಯರಿಗೆ ಇಡಿ.”

ಸುಣ್ಣದ ಗೋಡೆ

ಹುಳವನ್ನು ಶೆಡ್ಡಿಗೇ ಬಿಟ್ಟು, ಮೇಲಿನ ಮುಂದಿನ ರೂಮು ಗಂಡ ಹೆಂಡತಿಗೆ, ಮೆಟ್ಟಿಲ ಪಕ್ಕದ್ದು ಅಜ್ಜಿಗೆ ಎಂದು ಪ್ಲಾನು ಬರೆದುಕೊಟ್ಟೆ. ಕಾಗದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರೂ ಮನೆಯಲ್ಲಿ ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಕೊನೆಗೆ ನಾನೇ ಜಂಗಮಕೋಟೆಗೆ ಹೋಗಿ, ಸೈಟಿನಲ್ಲಿ ಸುಣ್ಣದ ಪುಡಿಯಿಂದ ಕೆಳಗಿನ ಮನೆಯನ್ನು ಪೂರ್ತಿ ಅಳತೆಯಲ್ಲಿ ಎಳೆದೆ. ಮೇಲಿನ ಮಹಡಿಯನ್ನು ಗಾಳಿಯಲ್ಲಿ ಎಳೆಯುವ ಹಾಗಿಲ್ಲವಲ್ಲ, ಅದನ್ನು ಪಕ್ಕದಲ್ಲೇ ಇದ್ದ ಅವರ ಖಾಲಿ ಜಾಗದಲ್ಲಿ ಎಳೆದೆ.

ಗೆರೆ ಬಿದ್ದದ್ದೇ ತಡ, ಅವರ ಪಾಲಿಗೆ ಅದು ಮನೆಯೇ ಆಗಿಹೋಯಿತು. ರೇಷ್ಮೆ ಗೂಡಿನಿಂದ ನೂಲು ಬಿಚ್ಚಿಸುವ ಪಕ್ಕದ ಮನೆ ಸಾಹೇಬರು ನೋಡಿಹೋಗಲು ಬಂದು, ಗೋಡೆಯ ಗೆರೆ ದಾಟಿಕೊಂಡು ನೆಟ್ಟಗೆ ಹಾಲಿಗೆ ನಡೆದರು.

“ಬಾಗಿಲು ಈ ಕಡೆ ಸಾಹೇಬ್ರೇ” ಎಂದರು ಯಜಮಾನರ ಹೆಂಡತಿ.

ಸಾಹೇಬರು ತಪ್ಪಾಯಿತೆಂದು ವಾಪಸು ಹೋಗಿ, ಸುತ್ತಿಕೊಂಡು ಬಂದು, ಬಾಗಿಲಿನ ಗೆರೆಯಾಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು, ಮಾತಾಡುತ್ತ ಅಡ್ಡಾದಿಡ್ಡಿ ನಡೆದುಬಿಟ್ಟೆ.

“ಇಂಜಿನಿಯರ್ರೇ, ಅಲ್ಲೇ ನಿಂತ್ಕೊಳ್ಳಿ” ಎಂದರು ಅಜ್ಜಿ.

“ಯಾಕಮ್ಮ?”

“ಟಾಯ್ಲೆಟ್ಟಲ್ಲಿ ತೂರ್ಕೊಂಡು ನೆಟ್ಟಗೆ ದೇವ್ರ ಮನೇಗೆ ಬಂದಿದೀರ. ಕಾಲು ತೊಳ್ಕೊಂಡು ಬನ್ನಿ.”

ತೊಳೆದುಕೊಂಡು ಬಂದೆ.

ಮೇಲಿನ ರೂಮು

ಊಟದ ಹೊತ್ತಾಗಿತ್ತು. ಹಳೇ ಮನೆ ಹತ್ತಿರದಲ್ಲೇ ಇತ್ತು, ಸಾರಿನ ವಾಸನೆ ಸೈಟಿನವರೆಗೂ ಬರುತ್ತಿತ್ತು. ಹೊರಡುವ ಮುಂಚೆ ಯಜಮಾನರು ತಾಯಿಯನ್ನು ಮೆಟ್ಟಿಲ ಪಕ್ಕದ ಗೆರೆಗಳ ನಡುವೆ ನಿಲ್ಲಿಸಿ, “ನೋಡಮ್ಮ, ಇದು ನಿನ್ನ ರೂಮು” ಎಂದರು.

“ಇಲ್ಲಿಂದ ಏನು ಕಾಣುತ್ತಪ್ಪ?”

“ಮೆಟ್ಟಿಲು ಕಾಣುತ್ತೆ.”

“ಮೇಲಿನ ರೂಮು ನೋಡ್ಕೊಂಡು ಬರ್ತೀನಿ ಇರು.”

“ಹತ್ತಿ ಇಳಿಯೋದು ನಿನ್ನ ಕೈಲಿ ಆಗಲ್ಲ ಕಣಮ್ಮ. ಅದಕ್ಕೇ ಅಲ್ವಾ ಕೆಳಗೆ ಹಾಕಿಸಿರೋದು.”

ಅಜ್ಜಿ ಮೆಟ್ಟಿಲೆಂದು ಎಳೆದ ಗೆರೆಗಳ ಮುಂದೆ ಹೋಗಿ, ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದೊಂದೇ ಗೆರೆಯ ಮೇಲೆ ಕಾಲಿಡುತ್ತ ಹೊರಟರು. ತಿರುವಿನಲ್ಲಿ ನಿಂತು ಸುಧಾರಿಸಿಕೊಂಡರು. ಎಲ್ಲಿ ಬೀಳುತ್ತಾರೋ ಎಂದು ಸೊಸೆ ಹಿಂದೆಯೇ ಕೈ ಚಾಚಿಕೊಂಡು ನಡೆದರು. ಕೆಳಗಿನ ಮನೆ ಮುಗಿದು ಪಕ್ಕದ ಜಾಗಕ್ಕೆ ದಾಟಿದ ಮೇಲೆ, ಅಂದರೆ ಮಹಡಿ ತಲುಪಿದ ಮೇಲೆ, ಅಜ್ಜಿ ಮುಂದಿನ ರೂಮಿಗೆ ಹೋಗಿ ಕಾಲು ನೀಡಿಕೊಂಡು ಕೂತರು. ಎದುರಿಗೆ ರೋಡು, ರೋಡಿನಾಚೆ ಹಿಪ್ಪುನೇರಳೆ ತೋಟ. ಹೋಗುವವರು ಬರುವವರನ್ನು ಹುಬ್ಬಿನ ಮೇಲೆ ಕೈಯಿಟ್ಟು ಬಗ್ಗಿ ಬಗ್ಗಿ ನೋಡತೊಡಗಿದರು. ಆ ಮುಖದಲ್ಲಿನ ಖುಷಿ ನೋಡಿ ನನಗೂ ಖುಷಿಯಾಯಿತು.

ಮಗನೂ ಸೊಂಟದ ಮೇಲೆ ಕೈಯಿಟ್ಟುಕೊಂಡು ತಾಯಿ ನೋಡುತ್ತಿದ್ದ ಕಡೆಗೇ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಮೆಟ್ಟಿಲು ಎತ್ತರ ಕಮ್ಮಿ ಮಾಡಿ, ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಹಾಕಿ ಸಾರ್. ಆ ರೂಮು ಅಮ್ಮಂಗೇ ಇರ್ಲಿ” ಎಂದರು. ಸೊಸೆ ತಲೆಯಾಡಿಸಿದರು. ನಾನು ಅಲ್ಲೇ ಪ್ಲಾನು ತಿದ್ದಿದೆ.

ಯಜಮಾನರು ಕೆಳಗಿನ ಮನೆಯಿಂದ ಕೂಗಿ ಹೇಳಿದರು. “ಅಮ್ಮ, ಮೇಲಿನ ರೂಮು ನಿಂದೇ ಆಯ್ತು. ಈಗ ಎದ್ದು ಬಾ, ಊಟ ಮಾಡಣ.”

ಅಜ್ಜಿ ಕೂತಲ್ಲಿಂದ ಕದಲಲಿಲ್ಲ.

“ಹತ್ತಿ ಇಳಿಯೋದು ನನ್ನ ಕೈಲಿ ಆಗಲ್ಲ ಅಂದೋನು ನೀನೇ ಅಲ್ವೇನಪ್ಪ. ಮುದ್ದೆ ಮೇಲಕ್ಕೇ ಕಳ್ಸು.”