ಮ್ಯಾಟ್ರನ್ ಮೇಡಂ ಲಿವರ್ ಗಟ್ಟಿಯಂತೆ

ರೋಗಿಗಳ ಮುಂದೆ ನಗಬಾರದು ಎಂಬುದು ನಾನು ಹೊಸ ಸಿಸ್ಟರ್‌ಗಳಿಗೆ ಕಲಿಸುವ ಮೊದಲ ಪಾಠ. ಆದರೂ ನಗು ತರಿಸುವ ಸಂಗತಿಗಳು ವಾರ್ಡಿನ ಸೊಳ್ಳೆಗಳ ಹಾಗೆ, ಎಷ್ಟು ಬಾಗಿಲು ಹಾಕಿದರೂ ಒಳಗೆ ಬಂದೇ ಬರುತ್ತವೆ.

ನಾನು ಅಮ್ಮತ್ತಿ ಕಡೆಯ ಒಂದು ಸಣ್ಣ ಆಸ್ಪತ್ರೆಯ ಮ್ಯಾಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಸಮಯದ ವಿಷಯದಲ್ಲಿ, ಇಸ್ತ್ರಿಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವಳಲ್ಲ. ಹೋದ ವರ್ಷ ನಗರದ ಮೆಡಿಕಲ್ ಕಾಲೇಜಿನಿಂದ ಒಬ್ಬ ಯುವ ಡಾಕ್ಟರಮ್ಮ ಲಿವರ್ ಕಾಯಿಲೆಯ ಸಂಶೋಧನೆಗೆಂದು ಒಂದು ಯಂತ್ರ ತೆಗೆದುಕೊಂಡು ನಮ್ಮಲ್ಲಿಗೆ ಬಂದರು. ಆಗ ನಡೆದದ್ದನ್ನು ಹೇಳುತ್ತೇನೆ. ನಡೆಯುತ್ತಿರುವಾಗ ನನಗಂತೂ ನಗು ಬರಲಿಲ್ಲ.

೧. ಮೊದಲ ಹಾಸಿಗೆ

ಯಂತ್ರದ ಕೆಲಸ ಸರಳ. ಪಕ್ಕೆಲುಬಿನ ಮೇಲೆ ಒಂದು ಕಡ್ಡಿಯನ್ನಿಟ್ಟು ಮೆಲ್ಲಗೆ ತಟ್ಟಿದರೆ, ಒಳಗಿನ ಲಿವರ್ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಗೊತ್ತಾಗುತ್ತದೆ. ಮೆತ್ತಗಿದ್ದರೆ ಆರೋಗ್ಯ, ಗಟ್ಟಿಯಾಗಿದ್ದರೆ ಕಾಯಿಲೆ.

ಮೊದಲ ದಿನ ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ಹಾಲ್ ತುಂಬ ಜನ, ಆದರೆ ಮಲಗಲು ಒಬ್ಬರೂ ಮುಂದೆ ಬರಲಿಲ್ಲ. ಹಿಂದಿನ ರಾತ್ರಿ ಕುಡಿದದ್ದೆಲ್ಲ ಯಂತ್ರ ಬಾಯಿಬಿಡುತ್ತದೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಮಾದರಿಯಾಗಿರಬೇಕಾದವಳು ನಾನು, ನಾನೇ ಹೋಗಿ ಮಲಗಿದೆ. ಡಾಕ್ಟರಮ್ಮ ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ತಟ್ಟಿದರು, ಮತ್ತೆ ತಟ್ಟಿದರು, ಆಮೇಲೆ ಪರದೆ ಎಳೆದರು. ಪರದೆ ಯಾವಾಗ ಎಳೆಯುತ್ತಾರೆ ಎಂಬುದು ನನಗೆ ಮೂವತ್ತು ವರ್ಷದಿಂದ ಗೊತ್ತು.

"ಸ್ವಲ್ಪ ಗಟ್ಟಿ ತೋರಿಸ್ತಿದೆ ಮೇಡಂ," ಎಂದರು. ರಕ್ತ ತೆಗೆದು ಕಳಿಸೋಣ, ಮುಂದಿನ ಮಂಗಳವಾರ ಇನ್ನೊಮ್ಮೆ ನೋಡೋಣ ಎಂದು ಸಮಾಧಾನ ಹೇಳಿದರು. ಆಮೇಲೆ ಧ್ವನಿ ತಗ್ಗಿಸಿ, ಸಂಜೆ ಹೊತ್ತು ಏನಾದರೂ ತಗೊಳ್ಳುವ ಅಭ್ಯಾಸ ಉಂಟೇ ಎಂದು ಕೇಳಿದರು. ಕೆಮ್ಮಿನ ಸಿರಪ್ಪನ್ನೂ ಅಳೆದು ಕುಡಿಯುವವಳಿಗೆ ಈ ಪ್ರಶ್ನೆ.

ಪರದೆಯ ಆಚೆ ನೆಲ ಒರೆಸುತ್ತಿದ್ದ ಆಯಾಗೆ ಎಲ್ಲವೂ ಕೇಳಿಸಿತ್ತು. ಮಧ್ಯಾಹ್ನದೊಳಗೆ ಅಡುಗೆಮನೆಗೂ ಸುದ್ದಿ ಮುಟ್ಟಿತು. ಕಿಟಕಿಯ ಪಕ್ಕ ಹಾದುಹೋಗುವಾಗ ಅಡುಗೆಯವಳು ಹೆಮ್ಮೆಯಿಂದ ಹೇಳುತ್ತಿದ್ದಳು: "ನಮ್ಮ ಮೇಡಂ ಲಿವರ್ ಗಟ್ಟಿಯಂತೆ. ಗಟ್ಟಿ ಇಲ್ಲದೆ ಮತ್ತೆಂತ? ಆ ಬೈಗುಳ ಎಲ್ಲ ಎಲ್ಲಿಂದ ಬರ್ತದೆ ಅಂತ ಮಾಡಿದ್ದೀ?"

೨. ಖಾಲಿ ಹೊಟ್ಟೆ

ವಾರ್ಡಿನಲ್ಲಿ ಲಿವರ್ ರೋಗಿಗಳನ್ನು ನೋಡಿಕೊಂಡವರಿಗೆ ಲಿವರ್ ಕೆಟ್ಟರೆ ಏನೇನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬುಧವಾರ ಬೆಳಿಗ್ಗೆ ಕನ್ನಡಿಯ ಮುಂದೆ ಕಣ್ಣಿನ ಬಿಳಿ ಹಳದಿಯಾಗಿದೆಯೇ ಎಂದು ನೋಡಿಕೊಂಡೆ. ಬಲ್ಬು ಹಳದಿ ಎಂದು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಕರ್ಟನ್ನೂ ಹಳದಿ.

ಆ ದಿನ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಲ್ಲಿನ ಲೈನ್‌ಮನೆಗಳ ಕೂಲಿಯವರನ್ನು ಜೀಪಿನಲ್ಲಿ ಕರೆತಂದ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಹಿಂದಿನ ದಿನ ನಾನೇ ಫೋನ್ ಮಾಡಿ ಎರಡು ಸಲ ಹೇಳಿದ್ದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರೆ, ರೈಟರ್ ಒಬ್ಬನೇ ಬೆಲ್ಲದ ಕಾಫಿ ಕುಡಿದು ಬಂದಿದ್ದ. ನಾನು ಸಿಟ್ಟಾಗಿ ಅವನನ್ನು ಮಧ್ಯಾಹ್ನದವರೆಗೆ ಕಾಯಲು ಬೆಂಚಿನ ಮೇಲೆ ಕೂರಿಸಿದೆ. ನನ್ನ ಜೀವ ಯಂತ್ರದ ಒಂದು ಅಂಕೆಯ ಮೇಲೆ ನಿಂತಿರುವಾಗ ಇವನಿಗೆ ನಿಯಮವೆಂದರೆ ತಮಾಷೆಯೇ ಎಂದು ರೇಗಿತು.

"ಖಾಲಿ ಹೊಟ್ಟೆ ಎಂದರೆ ಅರ್ಥ ಗೊತ್ತಿಲ್ಲವೇ?" ಎಂದೆ.

"ಗೊತ್ತು ಮೇಡಂ. ಖಾಲಿ ಹೊಟ್ಟೆಗೇ ಕುಡಿದದ್ದು."

೩. ಕುಡಿಯುವುದು ಎಂದರೆ

ಗುರುವಾರ ಹುದಿಕೇರಿ ಕಡೆಯ ಒಬ್ಬ ತೋಟದ ಯಜಮಾನರು ಬಂದರು. ಪ್ರಶ್ನೆಗಳ ಫಾರಂ ತುಂಬುವ ಕೆಲಸ ನನ್ನದು. ಕುಡಿಯುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಮನೆಯ ವೈನ್? ಅದು ಹಣ್ಣಿನ ರಸ. ರಮ್? ಅದು ಚಳಿಗೆ. ಬೇಸಿಗೆಯಲ್ಲಿ? ಬೇಸಿಗೆಯಲ್ಲಿ ಬಿಯರ್, ಅದು ಸೆಖೆಗೆ. ಮದುವೆ ಮನೆಯಲ್ಲಿ? ಮದುವೆ ಮನೆಯಲ್ಲಿ ಬೇಡ ಅಂದರೆ ಅವರಿಗೆ ಬೇಸರ ಅಲ್ಲವೇ, ಎಂದು ನನ್ನನ್ನೇ ಕೇಳಿದರು.

ಕುಡಿಯುವುದು ಎಂದರೆ ಯಾವುದು ಹಾಗಾದರೆ ಎಂದು ಕೇಳಿದೆ. ಅವರು ಯೋಚಿಸಿ, ಕಾರಣವಿಲ್ಲದೆ ಕುಡಿಯುವುದು ಎಂದರು.

ಡಾಕ್ಟರಮ್ಮ ಅವರನ್ನು ಪರೀಕ್ಷಿಸುತ್ತ, ಲಿವರಿನ ಜೀವಕೋಶಗಳ ವಿಶೇಷ ಹೇಳಿದರು. ಒಂದು ಭಾಗ ಕತ್ತರಿಸಿ ತೆಗೆದರೂ ಉಳಿದ ಕೋಶಗಳು ಎರಡಾಗಿ, ನಾಲ್ಕಾಗಿ ಮತ್ತೆ ಬೆಳೆಯುತ್ತವೆ. ಆದರೆ ಒಳಗೆ ಗಾಯದ ಕಲೆ ಕಟ್ಟುತ್ತ ಹೋದರೆ ಬೆಳೆಯಲು ಜಾಗ ಸಿಗುವುದಿಲ್ಲ, ಗಟ್ಟಿಯಾಗುವುದು ಎಂದರೆ ಅದೇ. ಪೆನ್ನು ಹಿಡಿದ ನನ್ನ ಕೈ ನಿಂತಿತು. ಯಜಮಾನರಿಗೆ ಮಾತ್ರ ಮೊದಲನೆಯ ಅರ್ಧವಷ್ಟೇ ಕಿವಿಗೆ ಬಿದ್ದಿತ್ತು.

"ಹಾಗಾದ್ರೆ ಕಾಫಿ ಗಿಡದ ಹಾಗೇ ಅಲ್ವಾ, ಕಡಿದಷ್ಟೂ ಚಿಗುರ್ತದೆ? ಪಿಕಿಂಗ್ ಮುಗಿದ ಮೇಲೆ ಬರ್ತೇನೆ, ಪ್ರೂನಿಂಗ್ ಮಾಡಿಬಿಡಿ."

೪. ರುಚಿ

ಮಂಗಳವಾರ ಬಂತು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ನನ್ನ ಜಾಗಕ್ಕೆ ಯಾರು ಸೂಕ್ತ ಎಂದು ಯೋಚಿಸಿ, ಯಾರೂ ಸೂಕ್ತರಲ್ಲ ಎಂದು ತೀರ್ಮಾನಿಸಿ ಇನ್ನಷ್ಟು ಕಂಗಾಲಾಗಿದ್ದೆ. ಬೆಳಿಗ್ಗೆ ಏಳಕ್ಕೆ ಎಂದಿನಂತೆ ರೌಂಡ್ಸ್ ಮುಗಿಸಿ ಅಡುಗೆಮನೆಗೆ ಹೋದೆ. ಅಡುಗೆಯವಳು ಎಂದಿನಂತೆ ತಟ್ಟೆ ಮುಂದೆ ಹಿಡಿದಳು. ಬಿಸಿನೀರಿಗೆಂದು ಅಲ್ಲಿಗೆ ಬಂದ ಡಾಕ್ಟರಮ್ಮ ನನ್ನ ಕೈಯಲ್ಲಿ ಕಡುಬು ನೋಡಿ ನಿಂತುಬಿಟ್ಟರು.

"ಮೇಡಂ, ನೀವು ಉಪವಾಸ ಇರಬೇಕಿತ್ತಲ್ಲ?"

"ಉಪವಾಸವೇ. ಇದು ರುಚಿ ನೋಡುವುದು."

ಮ್ಯಾಟ್ರನ್ ರುಚಿ ನೋಡದ ಆಹಾರ ನಮ್ಮಲ್ಲಿ ರೋಗಿಗೆ ಹೋಗುವುದಿಲ್ಲ. ಅದು ಕರ್ತವ್ಯ, ಊಟವಲ್ಲ. ಹೋದ ಮಂಗಳವಾರವೂ ರುಚಿ ನೋಡಿದ್ದಿರಾ ಎಂದು ಡಾಕ್ಟರಮ್ಮ ಕೇಳಿದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ ಎಂದೆ. ಎಷ್ಟು ಎಂಬುದನ್ನು ಅಡುಗೆಯವಳು ನನಗೆ ಸಹಾಯ ಮಾಡುವ ಉತ್ಸಾಹದಲ್ಲಿ ವಿವರಿಸಿದಳು. ಒಂದು ಸೌಟು ಉಪ್ಪಿಟ್ಟು, ಅರ್ಧ ಲೋಟ ಗಂಜಿ, ಒಂದು ಮೊಟ್ಟೆ, ಎರಡು ಕಡುಬು.

"ಎರಡನೇದು ಎಂತಕ್ಕೆ ಅಂದ್ರೆ, ಮೊದಲನೇದು ಸರಿ ಉಂಟಾ ಅಂತ ಖಾತ್ರಿಗೆ."

೫. ಅರ್ಧ

ಹೊಟ್ಟೆ ತುಂಬಿದ್ದರೆ ಲಿವರಿಗೆ ರಕ್ತ ಹೆಚ್ಚು ಹರಿದು ಗಟ್ಟಿ ತೋರಿಸುತ್ತದೆಯಂತೆ. ನನ್ನನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು, ರೈಟರನ್ನು ನಾನು ಕೂರಿಸಿದ ಅದೇ ಬೆಂಚು. ಪಕ್ಕದಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಕೂತಿದ್ದರು. ಅವರ ಪರೀಕ್ಷೆ ಆಗಲೇ ಆಗಿತ್ತು. ಗಟ್ಟಿ ಅಂತ ಹೇಳಿದರು ಎಂದು ಎದೆ ಸೆಟೆಸಿ ಕೂತಿದ್ದರು. ಡಾಕ್ಟರಮ್ಮ ಅವರೊಡನೆ ಮಾತಾಡಬೇಕೆಂದು ನಿಲ್ಲಿಸಿಕೊಂಡದ್ದನ್ನು ಅಭಿನಂದನೆಗೆ ಎಂದುಕೊಂಡಿದ್ದರು.

ನನ್ನ ಸರದಿ ಬಂತು. ಕಡ್ಡಿ ತಟ್ಟಿತು. ನಾನು ಕಣ್ಣು ಮುಚ್ಚಿ ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿ ಮಧ್ಯದಲ್ಲಿ ಮರೆತೆ.

"ಮೆತ್ತಗಿದೆ ಮೇಡಂ. ತುಂಬಾ ಮೆತ್ತಗಿದೆ," ಎಂದರು ಡಾಕ್ಟರಮ್ಮ. ರಕ್ತದ ರಿಪೋರ್ಟೂ ಸರಿಯಾಗಿತ್ತು.

ಒಂದು ವಾರದ ಭಯ ಒಟ್ಟಿಗೇ ಇಳಿದು ನನ್ನ ಕಣ್ಣಲ್ಲಿ ನೀರು ಬಂತು. ಪರದೆ ಸರಿಸಿ ಹೊರಗೆ ಬಂದರೆ ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ನಮ್ಮ ಮೇಡಂದು ಮೆತ್ತಗಾಗಿ ಹೋಯ್ತು ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿಯಾಗಿತ್ತು. ನನ್ನ ಕಣ್ಣೀರು ಅದಕ್ಕೆ ಸಾಕ್ಷಿಯಾಯಿತು.

ಹವಾಲ್ದಾರರು ಎದ್ದು ಅಟೆನ್ಷನ್ ನಿಂತರು.

"ಹೆದರಬೇಡಿ ಮೇಡಂ. ಲಿವರ್ ತುಂಡು ಮಾಡಿ ಕೊಟ್ರೂ ಬೆಳೀತದಂತೆ. ನಂದು ಗಟ್ಟಿ ಉಂಟು. ಅರ್ಧ ತಗೊಳ್ಳಿ."

ನಾನು ಕಣ್ಣೊರೆಸಿಕೊಂಡೆ. ಅವರ ಪಕ್ಕ ಕೂತು, ಮೆತ್ತಗಿರುವುದೇ ಒಳ್ಳೆಯದು, ಗಟ್ಟಿಯಾದರೆ ಚಿಕಿತ್ಸೆ ಬೇಕು, ಕುಡಿಯುವುದನ್ನು ಇವತ್ತೇ ಬಿಡಬೇಕು ಎಂದು ನನ್ನಿಂದಾದಷ್ಟು ಮೃದುವಾಗಿ ತಿಳಿಸಿಹೇಳಿದೆ. ಅವರ ಸೆಟೆದ ಎದೆ ಮೆಲ್ಲಗೆ ಇಳಿಯಿತು. ಹೇಳಬಾರದಿತ್ತೇನೋ ಎಂದು ನನಗೆ ಹೊಸ ಚಿಂತೆ ಶುರುವಾಯಿತು.

ಕೊನೆಗೆ ನನ್ನ ಕಡೆ ತಿರುಗಿದರು.

"ಹಾಗಾದ್ರೆ ಮೇಡಂ, ಆ ಅರ್ಧ ನೀವೇ ಕೊಡ್ತೀರಾ?"